ಲಕ್ವ ಹೊಡೆದಾಗ ಮನೆಯ ಮಕ್ಕಳು ಏನು ಮಾಡಬೇಕು?

ದೊಡ್ಡವರು ಕೆಲಸಕ್ಕೆ ಹೋದ ಮೇಲೆ ನಮ್ಮ ಎಷ್ಟೋ ಮನೆಗಳಲ್ಲಿ ಉಳಿಯುವವರು ಅಜ್ಜ, ಅಜ್ಜಿ ಮತ್ತು ರಜೆಯಲ್ಲಿರುವ ಮಕ್ಕಳು. ಆ ಹೊತ್ತಿನಲ್ಲಿ ಹಿರಿಯರಿಗೆ ಲಕ್ವ (ಪಾರ್ಶ್ವವಾಯು) ಹೊಡೆದರೆ ಮೊದಲು ನೋಡುವುದು ಮಕ್ಕಳೇ.

ಮೆದುಳಿನ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಲಕ್ವ ಆಗುತ್ತದೆ. ನಾಳ ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ 4½ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು.

ಮಕ್ಕಳಿಗೆ ಕಲಿಸಬೇಕಾದ ಪರೀಕ್ಷೆ ಸುಲಭ. ಅಜ್ಜಿಗೆ ನಗಲು ಹೇಳಬೇಕು: ಬಾಯಿ ಒಂದು ಕಡೆ ಸೊಟ್ಟಗಾಯಿತೇ? ಎರಡೂ ಕೈ ಎತ್ತಿ ಹಿಡಿಯಲು ಹೇಳಬೇಕು: ಒಂದು ಕೈ ಜಾರುತ್ತಿದೆಯೇ? “ಇವತ್ತು ಮಳೆ ಬರುವ ಹಾಗಿದೆ” ಎಂದು ಹೇಳಿಸಬೇಕು: ಮಾತು ತೊದಲುತ್ತಿದೆಯೇ? ಇವುಗಳಲ್ಲಿ ಒಂದು ಕಂಡರೂ ಸಾಕು, ಗಡಿಯಾರ ನೋಡಿ 108ಕ್ಕೆ ಕರೆ ಮಾಡಬೇಕು. ಮಕ್ಕಳು ತೊದಲು ಮಾತನ್ನು ತಮಾಷೆ ಎಂದುಕೊಳ್ಳುವುದುಂಟು. ಅಜ್ಜಿಯೇ “ಸ್ವಲ್ಪ ಮಲಗಿದರೆ ಸರಿಹೋಗುತ್ತೆ ಬಿಡು” ಅಂದರೂ ಕೇಳಬಾರದು. ಲಕ್ಷಣ ಹತ್ತು ನಿಮಿಷದಲ್ಲಿ ಮಾಯವಾದರೂ ಆಸ್ಪತ್ರೆಗೆ ಹೋಗಲೇಬೇಕು.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕು. ಮೊಬೈಲ್ ಪಕ್ಕದ ರಾಜ್ಯದ ಟವರಿಗೆ ಸಿಕ್ಕಿದರೆ ಕರೆ ಅಲ್ಲಿಗೇ ಹೋಗಬಹುದು. ಆದ್ದರಿಂದ ಮಗು ಮೊದಲು ರಾಜ್ಯ, ಜಿಲ್ಲೆ, ಊರು ಹೇಳಬೇಕು. ಊರಿಗೆ ಎರಡು ಹೆಸರಿದ್ದರೆ ಸರ್ಕಾರಿ ದಾಖಲೆಯದನ್ನೇ ಹೇಳಲಿ. “ಅಜ್ಜಿಗೆ ಲಕ್ವ ಹೊಡೆದಿದೆ, ಆಂಬುಲೆನ್ಸ್ ಬೇಕು” ಎಂಬುದನ್ನು ಮಲಯಾಳ, ತಮಿಳು, ಮರಾಠಿ, ತೆಲುಗು, ಕೊಂಕಣಿ ಹೀಗೆ ಆಯಾ ರಾಜ್ಯದ ಭಾಷೆಯಲ್ಲೂ ಬಾಯಿಪಾಠ ಮಾಡಿಸಿ.

ವಾಹನ ಬರುವವರೆಗೆ ನೀರು, ಕಾಫಿ, ಮಾತ್ರೆ ಏನೂ ಕೊಡಬಾರದು. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪಿರಿನ್ ಕೂಡ ಬೇಡ, ನಾಳ ಒಡೆದಿದ್ದರೆ ಅಪಾಯ ಹೆಚ್ಚುತ್ತದೆ. ಎಣ್ಣೆ ತಿಕ್ಕುತ್ತಾ, ನಾಟಿ ಔಷಧಿ ಹುಡುಕುತ್ತಾ ಕೂತರೆ ಹೊತ್ತು ಹೋಗುತ್ತದೆ. ಎಚ್ಚರ ತಪ್ಪಿದ್ದರೂ ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. “ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ?” ಎಂದು ವೈದ್ಯರು ಕೇಳುತ್ತಾರೆ, ಉತ್ತರ ಆ ಮಗುವಿನ ಬಳಿ ಇರುತ್ತದೆ.

ಯಾವ ಆಸ್ಪತ್ರೆ ಎಂಬುದನ್ನು ದೊಡ್ಡವರು ಇಂದೇ ವಿಚಾರಿಸಿಡಬೇಕು. ತಾಳವಾಡಿಯಿಂದ ಸತ್ಯಮಂಗಲಕ್ಕೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು, ಚಾಮರಾಜನಗರ ಹತ್ತಿರ. ಹೊಸೂರಿಗೆ ಬೆಂಗಳೂರು, ಮಂಜೇಶ್ವರಕ್ಕೆ ಮಂಗಳೂರು ಹತ್ತಿರ. ಹಗಲೂ ರಾತ್ರಿ ಸಿ.ಟಿ. ಸ್ಕ್ಯಾನ್ ಇರುವುದೆಲ್ಲಿ ಎಂದು ಕೇಳಿ, ಹೆಸರು ಮತ್ತು ನಂಬರನ್ನು ಗೋಡೆಗೆ ಅಂಟಿಸಿ.

ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು ದಿನ. ರಾಜ್ಯೋತ್ಸವದ ಹಾಡು, ಕುಣಿತದ ತಾಲೀಮಿಗೆ ಮಕ್ಕಳು ಸೇರುವುದೂ ಅದೇ ವಾರ. ಅರ್ಧ ಗಂಟೆ ಇದಕ್ಕೆ ಕೊಡಿ. ಅಜ್ಜಿಯ ಪಾತ್ರವನ್ನು ಅಜ್ಜಿಯರೇ ಮಾಡಲಿ.