ಇನ್ಸುಲಿನೋಮಾ: ಪ್ರತಿಕಾಯ ಚಿಕಿತ್ಸೆಯ ಇತಿಹಾಸ

ಇನ್ಸುಲಿನೋಮಾ ಎಂದರೆ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ ಹುಟ್ಟಿ, ಹೊತ್ತುಗೊತ್ತಿಲ್ಲದೆ ಇನ್ಸುಲಿನ್ ಸುರಿಸುವ ಗಡ್ಡೆ. ರಕ್ತದ ಸಕ್ಕರೆ ಕುಸಿದು ರೋಗಿ ಬೆವರುತ್ತಾರೆ, ತಡವರಿಸುತ್ತಾರೆ, ಎಚ್ಚರ ತಪ್ಪುತ್ತಾರೆ. ಹೆಚ್ಚಿನವು ಕ್ಯಾನ್ಸರ್ ಅಲ್ಲ. 1929ರಲ್ಲಿ ಟೊರಾಂಟೊದ ಶಸ್ತ್ರವೈದ್ಯ ರೋಸ್ಕೊ ಗ್ರಹಾಂ ಇಂಥದೊಂದನ್ನು ತೆಗೆದು ರೋಗಿಯನ್ನು ಗುಣಪಡಿಸಿದರು. ಆದರೆ 1927ರಲ್ಲಿ ಮೇಯೊ ಕ್ಲಿನಿಕ್‌ನ ರಸೆಲ್ ವೈಲ್ಡರ್ ಮತ್ತು ಸಂಗಡಿಗರು ವರದಿ ಮಾಡಿದ ರೋಗಿಯಲ್ಲಿ ಗಡ್ಡೆ ಆಗಲೇ ಯಕೃತ್ತಿಗೆ ಹರಡಿತ್ತು. ಪ್ರತಿಕಾಯ ಚಿಕಿತ್ಸೆ ಮುಖ್ಯವಾಗಿ ಬೇಕಾಗುವುದು ಇಂಥವರಿಗೆ.

ಪ್ರತಿಕಾಯ ಚಿಕಿತ್ಸೆ ಎಂಬ ಹೆಸರಿನಡಿ ಬೇರೆ ಬೇರೆ ಔಷಧಗಳು ಕಲಸಿಹೋಗಿವೆ. ಆಕ್ಟ್ರಿಯೊಟೈಡ್ ಆಗಲಿ, ವಿಕಿರಣ ಹೊತ್ತ ಲುಟೀಷಿಯಂ ಡೋಟಟೇಟ್ ಆಗಲಿ ಪ್ರತಿಕಾಯಗಳಲ್ಲ. ಅವು ಸೊಮ್ಯಾಟೊಸ್ಟ್ಯಾಟಿನ್ ಹಾರ್ಮೋನಿನ ಗ್ರಾಹಿಗೆ, ಎಂದರೆ ಕೋಶದ ಮೇಲೆ ಆ ಹಾರ್ಮೋನು ಕೂರುವ ಜಾಗಕ್ಕೆ, ಅಂಟುವ ಪೆಪ್ಟೈಡುಗಳು. ಪೆಂಬ್ರೊಲಿಝುಮ್ಯಾಬ್ ಪ್ರತಿಕಾಯವೇ ಹೌದು, ಆದರೆ ಅದು ರೋಗನಿರೋಧಕ ಕೋಶಗಳನ್ನು ಗಡ್ಡೆಯ ಮೇಲೆ ಎಬ್ಬಿಸುವಂಥದು. ಇನ್ಸುಲಿನೋಮಾದಂಥ, ನಿಧಾನವಾಗಿ ಬೆಳೆಯುವ ನ್ಯೂರೊಎಂಡೊಕ್ರೈನ್ ಗಡ್ಡೆಗಳಲ್ಲಿ ಅದರ ಫಲ ಅತ್ಯಲ್ಪ.

ನಿಜವಾದ ತಿರುವು ಬಂದದ್ದು ಇನ್ಸುಲಿನ್ ಹಾರ್ಮೋನಿನ ಕೆಲಸವನ್ನೇ ತಡೆಯುವ ದಾರಿಯಲ್ಲಿ. ಅದರ ಮೂಲ ಬೇರೆ ಕಾಯಿಲೆಗಳಲ್ಲಿದೆ. 1970ರಲ್ಲಿ ಜಪಾನಿನ ಹಿರಾಟಾ, ಗಡ್ಡೆಯಿಲ್ಲದಿದ್ದರೂ ಇನ್ಸುಲಿನ್ ವಿರುದ್ಧದ ಪ್ರತಿಕಾಯಗಳಿಂದ ಸಕ್ಕರೆ ಕುಸಿಯುವುದನ್ನು ವರದಿ ಮಾಡಿದರು. ಇಂದಿಗೂ ಇದನ್ನು ಇನ್ಸುಲಿನೋಮಾ ಎಂದು ತಪ್ಪಾಗಿ ತಿಳಿಯುವ ಅಪಾಯವಿದೆ. 1975ರಲ್ಲಿ ಫ್ಲಯರ್, ಕಾನ್, ರಾತ್ ಮೊದಲಾದವರು ಕಂಡದ್ದು ಇನ್ನೂ ಮಹತ್ವದ್ದು: ಕೆಲವರ ದೇಹದಲ್ಲಿ ಇನ್ಸುಲಿನ್ ಗ್ರಾಹಿಯ ವಿರುದ್ಧವೇ ಪ್ರತಿಕಾಯಗಳಿದ್ದವು, ಅವರಲ್ಲಿ ಇನ್ಸುಲಿನ್ ಎಷ್ಟಿದ್ದರೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಅದೇ ವರ್ಷ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನ ಪ್ರಕಟಿಸಿದರು. ಎರಡೂ ಎಳೆಗಳು ಕೂಡಿಕೊಳ್ಳಲು ದಶಕಗಳೇ ಹಿಡಿದವು.

ಕ್ಯಾಲಿಫೋರ್ನಿಯಾದ ಜೋಮಾ ಕಂಪನಿ ರೂಪಿಸಿದ ಜೋಮಾ 358 ಎಂಬ ಪ್ರತಿಕಾಯ ಆ ಕೂಡುವಿಕೆಯ ಫಲ. ಇನ್ಸುಲಿನ್ ಕೂರುವ ಜಾಗವನ್ನು ಬಿಟ್ಟು ಗ್ರಾಹಿಯ ಬೇರೆಡೆ ಅಂಟಿಕೊಂಡು ಅದು ಸಂಕೇತವನ್ನು ತಗ್ಗಿಸುತ್ತದೆ. ಪೂರ್ತಿ ಅಳಿಸುವುದಿಲ್ಲ ಎಂಬುದೇ ಇಲ್ಲಿ ಮುಖ್ಯ. ಪೂರ್ತಿ ತಡೆದರೆ ರೋಗಿಗೆ ತೀವ್ರ ಮಧುಮೇಹದ ಸ್ಥಿತಿ ಬಂದೀತು. 2017ರಲ್ಲಿ ರೆಝೊಲ್ಯೂಟ್ ಕಂಪನಿಯ ಕೈಸೇರಿದ ಈ ಔಷಧದ ಈಗಿನ ಹೆಸರು ಎರ್ಸೊಡೆಟಗ್. 2023ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಹರಡಿದ ಇನ್ಸುಲಿನೋಮಾದ ಒಬ್ಬ ರೋಗಿಯ ವರದಿ ಪ್ರಕಟಿಸಿತು: ಔಷಧದಿಂದ ತೀವ್ರ ಸಕ್ಕರೆ ಕುಸಿತ ಹತೋಟಿಗೆ ಬಂದಿತ್ತು. ಒಬ್ಬರ ಅನುಭವ ಪುರಾವೆಯಾಗದು. ಆದರೂ ಬೇರೆ ಔಷಧಗಳಿಗೆ ಬಗ್ಗದ ರೋಗಕ್ಕೆ ಅದು ಮಹತ್ವದ ದಾಖಲೆ.

2025ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಗಡ್ಡೆಯಿಂದಾಗುವ ಸಕ್ಕರೆ ಕುಸಿತಕ್ಕಾಗಿ ಇದಕ್ಕೆ 'ಬ್ರೇಕ್‌ಥ್ರೂ' ಮಾನ್ಯತೆ ಕೊಟ್ಟರು. ಅದು ಪರಿಶೀಲನೆಗೆ ವೇಗ ಕೊಡುವ ಕ್ರಮ, ಮಾರಾಟದ ಅನುಮತಿಯಲ್ಲ. ಎರ್ಸೊಡೆಟಗ್ ಗಡ್ಡೆಯನ್ನು ಕುಗ್ಗಿಸಲೆಂದು ಮಾಡಿದ ಔಷಧವೂ ಅಲ್ಲ. ಗಡ್ಡೆಗೆ ಎವರೊಲಿಮಸ್, ಲುಟೀಷಿಯಂನಂಥ ಚಿಕಿತ್ಸೆ ಬೇರೆಯಾಗಿಯೇ ನಡೆಯಬೇಕು.