ಧಾತು–ಈಶ್ವರದ ಬರ ಮತ್ತು ಒಂದು ಪೌಂಡ್ ಧಾನ್ಯ

ಹಳೇ ಮೈಸೂರಿನ ನೆನಪಿನಲ್ಲಿ 1876–78ರ ಬರ ಉಳಿದಿರುವುದು ಇಸವಿಯಿಂದಲ್ಲ, ಸಂವತ್ಸರದಿಂದ: ಧಾತು, ಈಶ್ವರ. ಒಂದು ಯುಗಾದಿಯೊಳಗೆ ತೀರಬೇಕಿದ್ದ ಕಷ್ಟ ಇನ್ನೊಂದನ್ನೂ ದಾಟಿತು ಎಂಬುದನ್ನು ಆ ಜೋಡಿ ಹೆಸರೇ ಹೇಳುತ್ತದೆ. ತಮಿಳುನಾಡಿನಲ್ಲೂ ಅದು ಧಾತು ವರ್ಷದ ಬರವೇ.

1875ರಲ್ಲಿಯೇ ಮಳೆ ಕಡಿಮೆಯಾಗಿತ್ತು. ಮರುವರ್ಷ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. 1877ರ ಬೇಸಿಗೆ ಕಳೆದರೂ ಮುಂಗಾರು ಹಿಡಿಯಲಿಲ್ಲ. ಪೆಸಿಫಿಕ್ ಸಾಗರದ ನೀರು ಅಸಾಧಾರಣವಾಗಿ ಬಿಸಿಯಾದ ಎಲ್ ನಿನೊ ವರ್ಷಗಳಲ್ಲಿ ಅದೂ ಒಂದು ಎಂದು ಇಂದಿನ ಹವಾಮಾನ ವಿಜ್ಞಾನ ಹೇಳುತ್ತದೆ. ಬೆಳೆ ಹೋದದ್ದು ಮಳೆಯಿಂದ. ಜನ ಹೋದದ್ದಕ್ಕೆ ಬೇರೆ ಕಾರಣಗಳೂ ಇದ್ದವು.

ಬೆಲೆಗೆ ಕೈ ಹಾಕಬಾರದು ಎಂಬುದು ಸರ್ಕಾರದ ನಿಲುವು. ಧಾನ್ಯ ಹೆಚ್ಚು ಹಣ ಸಿಗುವ ಕಡೆಗೆ ಹರಿಯಿತು. ಇಂಗ್ಲೆಂಡಿಗೆ ಗೋಧಿಯ ರಫ್ತೂ ನಿಲ್ಲಲಿಲ್ಲ. 1877ರ ಜನವರಿ 1ರಂದು ದೆಹಲಿಯಲ್ಲಿ ದರ್ಬಾರು ನಡೆದು ವಿಕ್ಟೋರಿಯಾ ಭಾರತದ ಸಾಮ್ರಾಜ್ಞಿಯಾದಳು. ಅದೇ ತಿಂಗಳು ವೈಸ್‌ರಾಯ್ ಲಿಟ್ಟನ್, ರಿಚರ್ಡ್ ಟೆಂಪಲ್‌ನನ್ನು ಬರದ ಸೀಮೆಗೆ ಕಳಿಸಿದ.

ಟೆಂಪಲ್ ಬರಕ್ಕೆ ಹೊಸಬನಲ್ಲ. 1873–74ರಲ್ಲಿ ಬಿಹಾರಕ್ಕೆ ಬರ್ಮಾದಿಂದ ಅಕ್ಕಿ ತರಿಸಿ ಸಾವನ್ನು ಬಹುಮಟ್ಟಿಗೆ ತಡೆದಿದ್ದ. ಅದಕ್ಕೆ ಅವನಿಗೆ ಸಿಕ್ಕದ್ದು ದುಂದುಗಾರನೆಂಬ ಟೀಕೆ. ಈ ಬಾರಿ ಅವನು ಉಳಿತಾಯಕ್ಕೆ ಹೊರಟ. ಪರಿಹಾರ ಕಾಮಗಾರಿಯಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ, ಮೇಲೆ ಪುಡಿಗಾಸು. ಹೆಂಗಸರು ಮಕ್ಕಳಿಗೆ ಇನ್ನೂ ಕಡಿಮೆ.

ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದ. ಬೇಳೆಕಾಳಿಲ್ಲದ ಒಂದು ಪೌಂಡ್ ಧಾನ್ಯ ದುಡಿಯುವ ದೇಹಕ್ಕೆ ಸಾಲದು, ಜೈಲಿನ ಕೈದಿಗೂ ಇದಕ್ಕಿಂತ ಹೆಚ್ಚು ಸಿಗುತ್ತದೆ ಎಂಬುದು ಅವನ ವಾದ. ಬೊಂಬಾಯಿ ಪ್ರಾಂತ್ಯದಲ್ಲಿ ಸಾವಿರಾರು ಜನ ಕೆಲಸವನ್ನೇ ಬಿಟ್ಟು ಹೊರಟರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರ್ಕಾರಕ್ಕೆ ಮನವಿಗಳನ್ನು ಬರೆಯಿತು. ಕೆಲವು ತಿಂಗಳ ಬಳಿಕ ಮದ್ರಾಸಿನಲ್ಲಿ ಕೂಲಿ ಏರಿತು. ಅಷ್ಟರಲ್ಲಿ ಹಸಿವು ಮೈಗಿಳಿದಾಗಿತ್ತು.

1877ರ ಸೆಪ್ಟೆಂಬರ್‌ ಹೊತ್ತಿಗೆ ಮಳೆ ಬಂತು, ಜೋರಾಗಿಯೇ ಬಂತು. ಮಳೆಯ ಹಿಂದೆಯೇ ಜ್ವರ ಬಂತು. ಒಣಗಿದ ಎರಡು ವರ್ಷಗಳನ್ನು ದಾಟಿ ಬಂದವರಲ್ಲಿ ಅನೇಕರು ಹೊಲಗಳು ಹಸಿರಾಗುತ್ತಿದ್ದಾಗ ಮಲೇರಿಯಾಕ್ಕೆ ಸತ್ತರು. ಬರದ ಸಾವು ಬರ ಮುಗಿದ ಮೇಲೂ ನಿಲ್ಲುವುದಿಲ್ಲ.

ಜನಗಣತಿ ಲೆಕ್ಕ ಕೊಟ್ಟಿತು. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50.5 ಲಕ್ಷ, 1881ರಲ್ಲಿ 41.8 ಲಕ್ಷ. ಬರದ ಹೊತ್ತಿಗೆ ಸಂಸ್ಥಾನವನ್ನು ಆಳುತ್ತಿದ್ದವರು ಬ್ರಿಟಿಷ್ ಕಮಿಷನರುಗಳು. 1881ರ ಮಾರ್ಚ್‌ನಲ್ಲಿ ಅಧಿಕಾರ ಚಾಮರಾಜೇಂದ್ರ ಒಡೆಯರಿಗೆ ಮರಳಿದಾಗ, ಅದರೊಂದಿಗೆ ಬರದ ಸಾಲವಾಗಿ 80 ಲಕ್ಷ ರೂಪಾಯಿಯೂ ಬಂತು. ದಿವಾನ್ ರಂಗಾಚಾರ್ಲು ಆಡಳಿತ ಆರಂಭಿಸಿದ್ದು ಬರಿದಾದ ಬೊಕ್ಕಸದಿಂದ.

ಆ ಕೂಲಿಯಾಳುಗಳ ದುಡಿಮೆ ಇಂದಿಗೂ ಕಣ್ಣಿಗೆ ಬೀಳುತ್ತದೆ. ಬೆಂಗಳೂರು–ಮೈಸೂರು ರೈಲುಹಾದಿಯ ಮಣ್ಣಿನ ಕೆಲಸ ಶುರುವಾದದ್ದು ಬರ ಪರಿಹಾರವಾಗಿ. ಚೆನ್ನೈಯಲ್ಲಿ ಅಡ್ಯಾರ್ ಮತ್ತು ಕೂವಂ ನದಿಗಳನ್ನು ಜೋಡಿಸುವ ಬಕಿಂಗ್‌ಹ್ಯಾಮ್ ಕಾಲುವೆಯ ಭಾಗವನ್ನು ಅಗೆದದ್ದೂ ಬರದ ಜನವೇ. ಇಂದು ಅದರ ಮೇಲೆ ನಗರ ರೈಲಿನ ಕಂಬಗಳು ನಿಂತಿವೆ.

ಕಾಗದದ ಮೇಲೂ ಒಂದು ಗುರುತು ಉಳಿಯಿತು. 1880ರಲ್ಲಿ ಕ್ಷಾಮ ಆಯೋಗ ವರದಿ ಕೊಟ್ಟಿತು, ಅದರಿಂದ ಕ್ಷಾಮ ಸಂಹಿತೆಗಳು ಹುಟ್ಟಿದವು. ಬರದ ಮುನ್ಸೂಚನೆಗಳೇನು, ಕೆಲಸ ಯಾವಾಗ ತೆರೆಯಬೇಕು, ದುಡಿಯಲಾಗದವರಿಗೆ ಏನು ಕೊಡಬೇಕು ಎಂಬುದು ಅಧಿಕಾರಿಯ ಮರ್ಜಿಯಿಂದ ನಿಯಮಕ್ಕೆ ಬಂತು. ಆದರೂ 1896 ಮತ್ತು 1899ರ ಬರಗಳಲ್ಲಿ ಲಕ್ಷಾಂತರ ಜನ ಸತ್ತರು: ನಿಯಮವಿದ್ದಲ್ಲೂ ಕೈ ಬಿಗಿಯಿತ್ತು. 1972ರ ಬರದಲ್ಲಿ ಮಹಾರಾಷ್ಟ್ರ ಲಕ್ಷಾಂತರ ಜನರಿಗೆ ಕಾಮಗಾರಿ ತೆರೆಯಿತು. ಅಲ್ಲಿಂದ ಬೆಳೆದ ಉದ್ಯೋಗ ಖಾತರಿ 2005ರಲ್ಲಿ ಇಡೀ ದೇಶದ ಕಾನೂನಾಯಿತು. ಮಳೆ ತಪ್ಪಿದ ವರ್ಷ ದಿನಗೂಲಿ ಎಷ್ಟು, ಅದು ಎಂದು ಕೈಸೇರುತ್ತದೆ ಎಂಬುದು ಇಂದಿಗೂ ಕಾರ್ನಿಷ್ ಎತ್ತಿದ ಪ್ರಶ್ನೆಯೇ: ಆ ಹಣದಲ್ಲಿ ದುಡಿಯುವ ಮೈ ಉಳಿಯುತ್ತದೆಯೇ?