ಪರೇಲಿನಿಂದ ಹೊರಟ ಒಂದು ಮಾತ್ರೆ

ಮುಂಬಯಿಯ ಪರೇಲ್ ಸುತ್ತಮುತ್ತ ಗಿರಣಿಗಳಿದ್ದ ಜಾಗದಲ್ಲಿ ಈಗ ಗಾಜಿನ ಕಟ್ಟಡಗಳು ಎದ್ದಿವೆ. ಅಂಥದೊಂದರಲ್ಲಿ ಕೂತು ನಾನು ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಗಡುವು ಲೆಕ್ಕ ಹಾಕುತ್ತಿರುತ್ತೇನೆ. ಅದೇ ಪರೇಲಿನಲ್ಲಿರುವ ಹಾಫ್‌ಕಿನ್ ಸಂಸ್ಥೆ ಎಂದರೆ ಹೆಚ್ಚಿನವರಿಗೆ ಪ್ಲೇಗಿನ ಲಸಿಕೆ ನೆನಪಾಗುತ್ತದೆ. ಆದರೆ ಇಂದು ಬಹಳಷ್ಟು ಮನೆಗಳ ಔಷಧಿ ಡಬ್ಬಿಯಲ್ಲಿರುವ ಫೋಲಿಕ್ ಆಮ್ಲದ ಕತೆಗೂ ಆ ಸಂಸ್ಥೆಗೂ ನಂಟಿದೆ.

ಊಟದ ಹೊತ್ತಿಗೆ ಪೂರಕ ಮಾತ್ರೆಗಳ ಮಾತು ಬಂದರೆ ನಮ್ಮಲ್ಲಿ ಎರಡು ಪಕ್ಷಗಳಾಗುತ್ತವೆ. ಒಂದು ಪಕ್ಷದವರ ಮೇಜಿನ ಮೇಲೆ ಐದು ಬಾಟಲಿ ಇರುತ್ತವೆ. ಇನ್ನೊಂದು ಪಕ್ಷದವರಿಗೆ ಅದೆಲ್ಲ ಕಂಪನಿಗಳ ವ್ಯಾಪಾರ; ಅಜ್ಜಿ ಯಾವ ಮಾತ್ರೆ ನುಂಗಿದ್ದಳು ಎಂದು ಕೇಳುತ್ತಾರೆ. ಈ ಒಂದು ಮಾತ್ರೆಯ ಚರಿತ್ರೆ ಇಬ್ಬರಿಗೂ ಉತ್ತರ ಕೊಡುತ್ತದೆ ಎಂದು ನನಗನ್ನಿಸುತ್ತದೆ.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದರು. ಬಸುರಿಯರು, ಬಾಣಂತಿಯರು ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು; ಅದೇಕೆಂದು ಪತ್ತೆ ಹಚ್ಚುವುದು ಅವರ ಕೆಲಸ. ಕಬ್ಬಿಣದ ಕೊರತೆಯಲ್ಲಿ ರಕ್ತಕಣಗಳು ಸಣ್ಣದಾಗುತ್ತವೆ. ಇವರ ರಕ್ತದಲ್ಲಿ ಕಣಗಳು ದೊಡ್ಡದಾಗಿದ್ದವು. ಸೋಂಕು ಕಾರಣವಿರಬಹುದೆಂದು ಹುಡುಕಿದರು, ಸಿಗಲಿಲ್ಲ. ಗಿರಣಿಯಲ್ಲಿ ದುಡಿಯುವ ಹೆಂಗಸರು, ಪರದೆಯೊಳಗೆ ಬದುಕುವ ಬಡ ಹೆಂಗಸರು ಏನು ಉಣ್ಣುತ್ತಾರೆ ಎಂದು ವಿಚಾರಿಸಿದಾಗ ದಾರಿ ಕಂಡಿತು. ಸೊಪ್ಪು, ಹಣ್ಣು, ಹಾಲು, ಮಾಂಸ ಯಾವುದೂ ಸಾಕಷ್ಟು ಸಿಗದ ಮನೆಗಳಲ್ಲೇ ಈ ಕಾಯಿಲೆ ಹೆಚ್ಚು.

1929ರಲ್ಲಿ ಕೆಲವು ತಿಂಗಳು ವಿಲ್ಸ್ ಕೂನೂರಿನಲ್ಲಿದ್ದರು. ರಾಬರ್ಟ್ ಮೆಕ್ಯಾರಿಸನ್ ಅಲ್ಲಿ ಕಟ್ಟಿದ ಪೋಷಣಾ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಬಂದು, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಬೊಂಬಾಯಿಯ ಬಡ ಹೆಂಗಸರ ಊಟದಂಥದೇ ಆಹಾರವನ್ನು ವಿಲ್ಸ್ ಮೊದಲು ಇಲಿಗಳಿಗೆ, ಆಮೇಲೆ ಮಂಗಗಳಿಗೆ ಕೊಟ್ಟು ನೋಡಿದರು. ರಕ್ತಹೀನತೆ ಬಂದ ಮಂಗಗಳಿಗೆ ಮಾರ್ಮೈಟ್ ತಿನ್ನಿಸಿದರು. ಅದು ಬಿಯರ್ ತಯಾರಿಸಿದ ಮೇಲೆ ಉಳಿಯುವ ಯೀಸ್ಟಿನಿಂದ ಮಾಡುವ ಅಗ್ಗದ ಕಪ್ಪು ಲೇಹ್ಯ. ಮಂಗಗಳು ಚೇತರಿಸಿಕೊಂಡವು, ಹೆಂಗಸರೂ ಚೇತರಿಸಿಕೊಂಡರು. 1931ರಲ್ಲಿ ಈ ವರದಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೀಸ್ಟಿನೊಳಗಿನ ಆ ವಸ್ತು ಯಾವುದೆಂದು ಆಗ ಯಾರಿಗೂ ಗೊತ್ತಿರಲಿಲ್ಲ; ಅದಕ್ಕೆ ವಿಲ್ಸ್ ಹೆಸರೇ ಅಂಟಿಕೊಂಡಿತು.

1941ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪನ್ನು ಸಂಸ್ಕರಿಸಿ ಒಂದು ಆಮ್ಲವನ್ನು ಬೇರ್ಪಡಿಸಿದರು. ಎಲೆಗೆ ಲ್ಯಾಟಿನ್‌ನಲ್ಲಿ ಫೋಲಿಯಂ ಎನ್ನುತ್ತಾರೆ, ಹಾಗಾಗಿ ಅದು ಫೋಲಿಕ್ ಆಮ್ಲವಾಯಿತು. ಆ ದಶಕದ ನಡುವೆ ಅದನ್ನು ಕಾರ್ಖಾನೆಯಲ್ಲಿ ತಯಾರಿಸುವ ದಾರಿ ತೋರಿಸಿದ್ದು ಲೆಡರ್ಲೆ ಪ್ರಯೋಗಾಲಯದ ತಂಡ. ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್.

ಇಲ್ಲಿಯವರೆಗೆ ಕತೆಯಲ್ಲಿ ಲಾಭವೇ ಇದೆ. ಅಪಾಯ ಶುರುವಾಗಿದ್ದು ಮಾತ್ರೆ ಅಗ್ಗವಾಗಿ ಎಲ್ಲರ ಕೈಗೆ ಸಿಕ್ಕ ಮೇಲೆ. ಪರ್ನೀಷಿಯಸ್ ಅನೀಮಿಯಾ ಎಂಬ ಇನ್ನೊಂದು ಕಾಯಿಲೆಯಿದೆ. ಅದರಲ್ಲೂ ರಕ್ತಕಣಗಳು ದೊಡ್ಡದಾಗುತ್ತವೆ. ಆ ರೋಗಿಗಳಿಗೂ ಫೋಲಿಕ್ ಆಮ್ಲ ಕೊಟ್ಟರು. ರಕ್ತ ಸುಧಾರಿಸಿತು, ವೈದ್ಯರು ಹಿಗ್ಗಿದರು. ಆದರೆ ಹಲವರಿಗೆ ಕೈಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು ನಿಲ್ಲಲಿಲ್ಲ, ಕೆಲವರಿಗೆ ಹೆಚ್ಚಾಯಿತು. ಅವರಲ್ಲಿದ್ದದ್ದು ಬಿ12 ಕೊರತೆ. ಬಿ12 ಅನ್ನು ಬೇರ್ಪಡಿಸಿದ್ದು 1948ರಲ್ಲಿ. ರಕ್ತ ತಯಾರಾಗುವಲ್ಲಿ ಬಿ12 ಮಾಡಬೇಕಾದ ಕೆಲಸವನ್ನು ಹೆಚ್ಚಿನ ಪ್ರಮಾಣದ ಫೋಲಿಕ್ ಆಮ್ಲ ಹೇಗೋ ಸರಿದೂಗಿಸುತ್ತದೆ, ನರಗಳಿಗೆ ಮಾತ್ರ ಬಿ12 ಬೇಕೇ ಬೇಕು. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಡ್ಯಾಶ್‌ಬೋರ್ಡ್ ಹಸಿರು ತೋರಿಸುತ್ತಿರುತ್ತದೆ, ಸರ್ವರ್ ಒಳಗೊಳಗೇ ಕೆಡುತ್ತಿರುತ್ತದೆ. ದೊಡ್ಡವರು ದಿನಕ್ಕೆ 1000 ಮೈಕ್ರೋಗ್ರಾಂಗಿಂತ ಹೆಚ್ಚು ಫೋಲಿಕ್ ಆಮ್ಲ ತೆಗೆದುಕೊಳ್ಳಬಾರದು ಎಂದು ಅಮೆರಿಕದ ತಜ್ಞರು 1998ರಲ್ಲಿ ಮಿತಿ ಹಾಕಿದ್ದು ಈ ಕಾರಣಕ್ಕೇ.

ಇದು ನಮ್ಮ ಮನೆಗೇ ಬಂದ ವಿಷಯ. ಧಾರವಾಡದ ನನ್ನ ಸೋದರತ್ತೆ ಶುದ್ಧ ಸಸ್ಯಾಹಾರಿ. ವಯಸ್ಸು ಅರವತ್ತೆಂಟು. ಸುಸ್ತು ಎಂದು ಔಷಧಿ ಅಂಗಡಿಯಲ್ಲಿ ಕೇಳಿ ಕಬ್ಬಿಣ, ಫೋಲಿಕ್ ಆಮ್ಲದ ಕ್ಯಾಪ್ಸೂಲ್ ತಿಂಗಳುಗಟ್ಟಲೆ ತೆಗೆದುಕೊಂಡಿದ್ದರು. ಹಿಮೋಗ್ಲೋಬಿನ್ ಚೆನ್ನಾಗಿಯೇ ಇತ್ತು. "ಕಾಲಾಗ ಇರಿವಿ ಹರದಂಗ ಆಗ್ತದೋ ತಮ್ಮಾ" ಎಂದು ಫೋನಿನಲ್ಲಿ ಹೇಳುತ್ತಿದ್ದರು. ವಯಸ್ಸಿನ ಕಾಟ ಎಂದು ಮನೆಯವರೆಲ್ಲ ಸುಮ್ಮನಿದ್ದರು. ಕೊನೆಗೆ ಒಬ್ಬ ವೈದ್ಯರು ಬಿ12 ಪರೀಕ್ಷೆ ಮಾಡಿಸಿದಾಗ ಅದು ತಳ ಹಿಡಿದಿತ್ತು. ಇಂಜೆಕ್ಷನ್ ಶುರುವಾಯಿತು. ಕೈ ಸರಿಹೋಯಿತು, ಪಾದದ ಜೋಮು ಇನ್ನೂ ಪೂರ್ತಿ ಹೋಗಿಲ್ಲ. ಸೊಪ್ಪು, ಕಾಳುಗಳಲ್ಲಿ ಬಿ12 ಇರುವುದಿಲ್ಲ. ಹಾಲು ಮೊಸರಿನಲ್ಲಿ ಸ್ವಲ್ಪ ಇರುತ್ತದೆ. ಸಸ್ಯಾಹಾರಿಗಳು ಇಷ್ಟೊಂದು ಜನ ಇರುವ ನಮ್ಮ ನಾಡಿನಲ್ಲಿ ಇದು ಒಂದು ಮನೆಯ ಕತೆಯಲ್ಲ.

ಹಾಗೆಂದು ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕುವವರು 1991 ಅನ್ನು ನೆನೆಯಬೇಕು. ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಮಗುವನ್ನು ಒಮ್ಮೆ ಹೊತ್ತಿದ್ದ ತಾಯಂದಿರನ್ನು ಸೇರಿಸಿಕೊಂಡು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳಲ್ಲಿ ಪ್ರಯೋಗ ನಡೆಸಿತು. ಫೋಲಿಕ್ ಆಮ್ಲ ಪಡೆದವರಲ್ಲಿ ಅದೇ ತೊಂದರೆ ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಯಿತು. ಫಲ ಇಷ್ಟು ಸ್ಪಷ್ಟವಾದ ಮೇಲೆ ಉಳಿದವರಿಗೆ ಕೊಡದಿರುವುದು ತಪ್ಪೆಂದು ಪ್ರಯೋಗವನ್ನು ಮೊದಲೇ ನಿಲ್ಲಿಸಿದರು. ಬೆನ್ನುಹುರಿಯ ಕೊಳವೆ ಗರ್ಭ ನಿಂತ ನಾಲ್ಕೇ ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ, ಎಷ್ಟೋ ಸಲ ತಾಯಿಗೆ ಬಸಿರು ಗೊತ್ತಾಗುವ ಮೊದಲೇ. ಮಗು ಬೇಕೆಂದುಕೊಂಡಾಗಲೇ ಮಾತ್ರೆ ಶುರುಮಾಡಿ ಎಂದು ವೈದ್ಯರು ಹೇಳುವುದು ಇದಕ್ಕಾಗಿ. 1998ರಿಂದ ಅಮೆರಿಕದಲ್ಲಿ ಹಿಟ್ಟಿಗೇ ಫೋಲಿಕ್ ಆಮ್ಲ ಬೆರೆಸುವುದು ಕಡ್ಡಾಯವಾಯಿತು.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ತಾಂಜಾನಿಯದ ಪೆಂಬಾ ದ್ವೀಪವಿದೆ. ಅಲ್ಲಿ ಮಲೇರಿಯಾ ಜಾಸ್ತಿ. ಮೂರು ವರ್ಷದೊಳಗಿನ ಮಕ್ಕಳಿಗೆಲ್ಲ ದಿನವೂ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೊಟ್ಟರೆ ಒಳ್ಳೆಯದಾಗುತ್ತದೆ ಎಂಬ ನಿರೀಕ್ಷೆಯಿಂದ ಸಾವಿರಾರು ಮಕ್ಕಳಿಗೆ ಕೊಟ್ಟರು. ಆಸ್ಪತ್ರೆ ಸೇರುವ ಅಥವಾ ಸಾಯುವ ಮಕ್ಕಳ ಪ್ರಮಾಣ ಇಳಿಯುವ ಬದಲು ಶೇ. 12ರಷ್ಟು ಏರಿತು. 2003ರಲ್ಲಿ ಕಬ್ಬಿಣ ಕೊಡುವುದನ್ನು ನಿಲ್ಲಿಸಿದರು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಬಂತು. ಅದರಲ್ಲೇ ಇನ್ನೊಂದು ಮಾತಿತ್ತು. ಮೊದಲೇ ರಕ್ತ ಪರೀಕ್ಷಿಸಿ, ಮಲೇರಿಯಾಕ್ಕೂ ಚಿಕಿತ್ಸೆ ಸಿಗುತ್ತಿದ್ದ ಒಂದು ಸಣ್ಣ ಗುಂಪಿನಲ್ಲಿ, ನಿಜವಾಗಿಯೂ ಕಬ್ಬಿಣದ ಕೊರತೆಯಿದ್ದ ಮಕ್ಕಳಿಗೆ ಅದೇ ಮಾತ್ರೆಯಿಂದ ಲಾಭವೇ ಆಗಿತ್ತು.

ಇವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು. ಬೊಂಬಾಯಿಯ ಬಸುರಿಗೆ ಜೀವ ಕೊಟ್ಟದ್ದು, ಧಾರವಾಡದ ಮುದುಕಿಯ ನೋವನ್ನು ಮರೆಮಾಡಿದ್ದು ಒಂದೇ ವಸ್ತು. ಒಬ್ಬಳಿಗೆ ಇದ್ದದ್ದು ಅದರದೇ ಕೊರತೆ, ಇನ್ನೊಬ್ಬಳಿಗೆ ಇದ್ದದ್ದು ಬೇರೆಯದರ ಕೊರತೆ. ಮಾತ್ರೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಯಾರಿಗೆ, ಯಾವುದರ ಕೊರತೆಗೆ, ಎಷ್ಟು, ಎಷ್ಟು ದಿನ ಎಂದು ಕೇಳಿದರೆ ಉತ್ತರವಿದೆ. ಬಾಟಲಿಯ ಮೇಲಿನ ಚೀಟಿ ಈ ನಾಲ್ಕರಲ್ಲಿ ಒಂದೆರಡನ್ನಷ್ಟೇ ಹೇಳುತ್ತದೆ. ಉಳಿದದ್ದಕ್ಕೆ ಒಂದು ರಕ್ತ ಪರೀಕ್ಷೆ, ಒಬ್ಬ ವೈದ್ಯರು ಬೇಕು. ಹೋಳಿಗೆ, ಚಟ್ನಿಪುಡಿ ಜೊತೆಗೆ ಊರಿನ ಹಿರಿಯರಿಗೆ ವಿಟಮಿನ್ ಡಬ್ಬಿಯನ್ನೂ ಆನ್‌ಲೈನಿನಲ್ಲಿ ಕಳಿಸುವವರು ನಾವು. ಮುಂದಿನ ಸಲ ಡಬ್ಬಿಗಿಂತ ಮೊದಲು ಆ ಪರೀಕ್ಷೆಯನ್ನು ಮಾಡಿಸೋಣ.

ಲೂಸಿ ವಿಲ್ಸ್ 1964ರಲ್ಲಿ ತೀರಿಕೊಂಡರು. 1991ರ ಫಲಿತಾಂಶ ಅವರಿಗೆ ಕಾಣಸಿಗಲಿಲ್ಲ. ಅವರಾದರೂ ಎಲ್ಲಕ್ಕಿಂತ ಮೊದಲು ಕೇಳಿದ್ದು, ಈ ಹೆಂಗಸರು ಏನು ಉಣ್ಣುತ್ತಾರೆ ಎಂಬ ಪ್ರಶ್ನೆಯನ್ನು. ಮಾರ್ಮೈಟ್ ಬಂದದ್ದು ಆಮೇಲೆ.